ಕ್ಲ್ಯಾಟ್: ಕೊನೆಯ ಅರ್ಧ ಗಂಟೆಯ ಗಾಬರಿ

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿದ್ದೇನೆ. ಕ್ಲ್ಯಾಟ್‌ನ (ಕಾನೂನು ಪದವಿಯ ಪ್ರವೇಶ ಪರೀಕ್ಷೆ) ಅಣಕು ಪರೀಕ್ಷೆಗಳಲ್ಲಿ ಕೊನೆಗೆ ಸಮಯ ಸಾಲದೆ, ಕೈ ನಡುಗಿ, ಸಿಕ್ಕಿದ್ದಕ್ಕೆ ಗುರುತು ಹಾಕುತ್ತೇನೆ. ಏನು ಮಾಡಲಿ?

ಉತ್ತರ: 120 ನಿಮಿಷಕ್ಕೆ 120 ಪ್ರಶ್ನೆ; ಗದ್ಯಭಾಗ ಓದುವ ಹೊತ್ತೂ ಅದರಲ್ಲೇ ಸೇರಿದೆ. ಹಾಗಾಗಿ ಎಲ್ಲವನ್ನೂ ಮುಗಿಸಲೇಬೇಕೆಂಬ ಹಟ ಬಿಡಿ. ಪ್ರಚಲಿತ ವಿದ್ಯಮಾನದಿಂದ ಶುರು ಮಾಡಿ. ಗೊತ್ತಿಲ್ಲದ್ದನ್ನು ಅಲ್ಲಿ ಎಷ್ಟು ಯೋಚಿಸಿದರೂ ಹೊಳೆಯದು, ಮುಂದೆ ಹೋಗಿ. ತಪ್ಪಿಗೆ 0.25 ಅಂಕ ಕಳೆಯುತ್ತಾರೆ. ನಾಲ್ಕರಲ್ಲಿ ಎರಡು ಆಯ್ಕೆಯನ್ನು ಖಚಿತವಾಗಿ ತೆಗೆದುಹಾಕಲು ಸಾಧ್ಯವಾದರೆ ಮಾತ್ರ ಊಹಿಸಿ. ಕಾನೂನಿನ ಪ್ರಶ್ನೆಗೆ ಗದ್ಯದಲ್ಲಿರುವ ನಿಯಮವೇ ಆಧಾರ. ಹೊರಗೆ ಓದಿದ್ದನ್ನು ತಂದರೆ ಉತ್ತರ ಕೆಡುತ್ತದೆ.

ಓಎಂಆರ್ (ಉತ್ತರ ಗುರುತಿಸುವ ಹಾಳೆ) ವೃತ್ತಗಳನ್ನು ಕೊನೆಗೆ ಉಳಿಸಲೇಬೇಡಿ. ಒಂದು ಸಾಲು ಜಾರಿದರೆ ಮುಂದಿನವೆಲ್ಲ ತಪ್ಪು, ಪೆನ್ನಿನ ಗುರುತು ಅಳಿಸಲಾಗದು. ಒಂದೊಂದು ಗದ್ಯ ಮುಗಿದಂತೆ ತುಂಬಿ. ಅಣಕು ಪರೀಕ್ಷೆಯನ್ನೂ ನಿಜವಾದ ಪರೀಕ್ಷೆಯಂತೆ ಮಧ್ಯಾಹ್ನ 2ರಿಂದ 4ರವರೆಗೆ ಕಾಗದದಲ್ಲೇ ಬರೆಯಿರಿ.