ಈ ‘ರೊಕ್ಕ’ ದುಡ್ಡಲ್ಲ: ಇಟಲಿಯ ಬೆಟ್ಟದೂರಿನ ಕೋಟೆ ಕುರಿತು ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಇಟಲಿಯ ರೊಕ್ಕಾ ಕಲಾಶೊ ಕೋಟೆಯ ಫೋಟೊ ನೋಡಿ ಮನಸ್ಸು ಅಲ್ಲೇ ಇದೆ. ಜೂನ್‌ನಲ್ಲಿ ಮಗಳ ಜೊತೆ ರೋಮ್‌ಗೆ ಹೋಗುವವಳಿದ್ದೇನೆ. ನನಗೆ 68 ವರ್ಷ, ಸ್ವಲ್ಪ ಮೊಣಕಾಲು ನೋವಿದೆ. ಹತ್ತಲು ಆಗುತ್ತದೆಯೇ? ಆ ಹೆಸರೇಕೆ?
– ಧಾರವಾಡದ ಓದುಗರು

ಉತ್ತರ: ಧಾರವಾಡದವರು ಹೆಸರು ಕೇಳಿ ನಕ್ಕಿರಬೇಕು. ಇಟಾಲಿಯನ್ನರಿಗೆ ‘ರೊಕ್ಕಾ’ ಅಂದರೆ ಗುಡ್ಡದ ನೆತ್ತಿಯ ಕೋಟೆ. ಕಲಾಶೊ ಅದರ ಕೆಳಗಿನ ಊರು, ಈಗ ಇನ್ನೂರು ಜನವೂ ಇಲ್ಲ.

ಊರು ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಕೋಟೆ 1,460ರಲ್ಲಿ. ಅಂದರೆ ಊರಿಂದ 250 ಮೀಟರಿನಷ್ಟು ಏರು. ನಿಧಾನಕ್ಕೆ ನಡೆದರೆ ಒಂದು ಗಂಟೆ ಇಟ್ಟುಕೊಳ್ಳಿ. ದಾರಿಯಲ್ಲಿ ನೆರಳಿಲ್ಲ, ಕಾಲಡಿ ಸಡಿಲ ಸುಣ್ಣಕಲ್ಲು. ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲಿಗೆ ಕಷ್ಟ, ಹಾಗಾಗಿ ಊರುಗೋಲು ಬೇಕೇಬೇಕು. ಚಪ್ಪಲಿ ಬೇಡ. ಬೆಳಿಗ್ಗೆಯೇ ಹೊರಡಿ, ಬೇಸಿಗೆಯ ಮಧ್ಯಾಹ್ನ ಈ ಬೆಟ್ಟಗಳ ಮೇಲೆ ಗುಡುಗು ಮಳೆ ಸಾಮಾನ್ಯ. ಜೂನ್ ಆದರೂ ಗಾಳಿಗೆ ಒಂದು ಜಾಕೆಟ್ ಇರಲಿ.

ಕೋಟೆಯ ತನಕ ಆಗದಿದ್ದರೆ ಬೇಸರ ಬೇಡ. ಕೋಟೆಗಿಂತ ಸ್ವಲ್ಪ ತಗ್ಗಿನಲ್ಲಿ, ಬೆಟ್ಟದ ಏಣಿನ ಮೇಲೆ, ಸಾಂತಾ ಮರಿಯಾ ದೆಲ್ಲಾ ಪಿಯೆತಾ ಎಂಬ ಎಂಟು ಮೂಲೆಯ ಚಿಕ್ಕ ಚರ್ಚ್ ಇದೆ. ಕೋಟೆಯ ಒಳಗಿನಿಂದ ಕೋಟೆ ಕಾಣುವುದಿಲ್ಲವಲ್ಲ! ಅದನ್ನು ನೋಡಲು ಆ ಚರ್ಚಿನ ಕಡೆಯೇ ಒಳ್ಳೆಯ ಜಾಗ.

ರೋಮ್‌ನ ತಿಬುರ್ತಿನಾ ನಿಲ್ದಾಣದಿಂದ, ಕಲಾಶೊಗೆ ಹತ್ತಿರದ ದೊಡ್ಡ ಪಟ್ಟಣವಾದ ಲಾಕ್ವಿಲಾಗೆ ಬಸ್ ಇದೆ. ಅಲ್ಲಿಂದ ಮುಂದೆ ಊರ ಬಸ್‌ಗಳು ಕಡಿಮೆ, ಭಾನುವಾರವಂತೂ ಅವನ್ನು ನಂಬಿ ಹೊರಡಬೇಡಿ. ಮಗಳು ಕಾರು ಓಡಿಸುವುದಾದರೆ ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಇಲ್ಲಿಯೇ, ಆರ್‌ಟಿಒದಲ್ಲಿ ಮಾಡಿಸಿಕೊಂಡು ಹೋಗಬೇಕು.

ಪ್ರಶ್ನೆ: ಅಲ್ಲಿ ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ?
– ಉಡುಪಿಯ ಓದುಗರು

ಉತ್ತರ: ಪಕ್ಕದ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಊರಿನ ಮಸೂರ ಬೇಳೆ. ಕಾಳು ಬಲು ಸಣ್ಣ, ಕಡು ಕಂದು, ನೆನೆಹಾಕದೆ ಅರ್ಧ ಗಂಟೆಯೊಳಗೆ ಬೇಯುತ್ತದೆ. ಬೆಳ್ಳುಳ್ಳಿ, ಪಲಾವ್ ಎಲೆಯ ಜಾತಿಯ ಎಲೆ, ಆಲಿವ್ ಎಣ್ಣೆ ಹಾಕಿ ಸೂಪ್ ಮಾಡುತ್ತಾರೆ. ಕೆಲವು ಕಡೆ ಹಂದಿ ಕೊಬ್ಬಿನ ಚೂರು ಸೇರಿಸುವುದುಂಟು, ಅದಕ್ಕೆ ಮೊದಲೇ ‘ಸೆಂಝಾ ಕಾರ್ನೆ’ (ಮಾಂಸವಿಲ್ಲದೆ) ಎಂದು ಹೇಳಿ. ‘ಅರೊಸ್ತಿಚೀನಿ’ ಎಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಕುರಿಮಾಂಸ. ಪೆಕೊರೀನೊ ಕುರಿಹಾಲಿನ ಚೀಸ್, ಆದರೆ ಹಾಲು ಒಡೆಸಲು ಸಾಮಾನ್ಯವಾಗಿ ಕರು ಅಥವಾ ಕುರಿಮರಿಯ ಜಠರದಿಂದ ತೆಗೆದ ಅಂಶವನ್ನೇ ಬಳಸುತ್ತಾರೆ. ಕಟ್ಟುನಿಟ್ಟಿನವರು ಬಿಡುವುದು ಲೇಸು.

ಪ್ರಶ್ನೆ: ಕೋಟೆಯ ಬಾಗಿಲು ನೆಲದಿಂದ ಅಷ್ಟು ಎತ್ತರದಲ್ಲಿ ಏಕಿದೆ? ರಾಜರು ಅಲ್ಲಿ ವಾಸವಿದ್ದರೇ?
– ಚಿತ್ರದುರ್ಗದ ಓದುಗರು

ಉತ್ತರ: ನಿಮ್ಮೂರಿನ ಏಳು ಸುತ್ತಿನ ಕೋಟೆಯ ಲೆಕ್ಕದಲ್ಲಿ ಇದನ್ನು ನೋಡಬೇಡಿ. ಇದು ಅರಮನೆಯಲ್ಲ, ಕಾವಲು ಠಾಣೆ. ಮೊದಲು ಇದ್ದದ್ದು ಒಂದೇ ಚೌಕ ಗೋಪುರ. ಸುತ್ತಲಿನ ಗೋಡೆ, ಮೂಲೆಯ ನಾಲ್ಕು ದುಂಡು ಬುರುಜುಗಳು ಆಮೇಲಿನವು. ಬಾಗಿಲು ಪೂರ್ವ ದಿಕ್ಕಿಗೆ, ಸುಮಾರು 5 ಮೀಟರ್ ಮೇಲಿದೆ. ಗೋಡೆಯಿಂದ ಹೊರಚಾಚಿದ ಕಲ್ಲುಗಳ ಮೇಲೆ ಮರದ ಮೆಟ್ಟಿಲು ಕೂರಿಸುತ್ತಿದ್ದರು, ಶತ್ರು ಬಂದರೆ ಅದನ್ನು ಒಳಗೆಳೆದರಾಯಿತು. ಬುರುಜುಗಳ ಬುಡ ಇಳಿಜಾರಾಗಿ ದಪ್ಪಗಿರುವುದನ್ನೂ ಗಮನಿಸಿ. ಗೋಡೆಗೆ ಆಸರೆ, ಬುಡ ಅಗೆಯಲು ಬಂದವನಿಗೆ ಅಡ್ಡಿ.

ಕಾಯುತ್ತಿದ್ದದ್ದು ಬಹುಪಾಲು ಕುರಿಗಳ ದಾರಿಯನ್ನು. ಚಳಿಗಾಲಕ್ಕೆ ಇಲ್ಲಿನ ಹಿಂಡುಗಳು ದಕ್ಷಿಣದ ಫೊಜ್ಜಾ ಬಯಲಿಗೆ ಇಳಿದು, ಬೇಸಿಗೆಗೆ ಮರಳುತ್ತಿದ್ದವು. ಉಣ್ಣೆಯ ದುಡ್ಡಿನ ಆಸೆಗೇ 1579ರಲ್ಲಿ ಫ್ಲಾರೆನ್ಸಿನ ಮೆದಿಚಿ ಮನೆತನ ಈ ಸೀಮೆಯನ್ನು ಕೊಂಡಿತು. 19ನೇ ಶತಮಾನದಲ್ಲಿ ಆ ಬಯಲು ಹೊಲವಾಗತೊಡಗಿತು, ಕುರಿ ಕಡಿಮೆಯಾಯಿತು, ಊರು ಖಾಲಿಯಾಯಿತು.

ಪ್ರಶ್ನೆ: ನಮ್ಮೂರ ಗುಡ್ಡದ ಮೇಲೂ ಒಂದು ಹಾಳು ಕೋಟೆ ಇದೆ. ಯುವಕ ಸಂಘದವರು ಬಿರುಕಿಗೆ ಸಿಮೆಂಟ್ ತುಂಬಿ, ಬುರುಜಿನ ಮೇಲೆ ಆರ್‌ಸಿಸಿ ಹಾಕಿ ವ್ಯೂ ಪಾಯಿಂಟ್ ಮಾಡೋಣ ಎನ್ನುತ್ತಿದ್ದೇವೆ. ಸರಿಯೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಎರಡೂ ಬೇಡ. ಕಾರಣಕ್ಕೆ ಕಲಾಶೊ ಸೀಮೆಯನ್ನೇ ನೋಡಿ. 1461ರಲ್ಲಿ, ಮತ್ತೆ 1703ರಲ್ಲಿ ಅಲ್ಲಿ ದೊಡ್ಡ ಭೂಕಂಪಗಳಾದವು. ಕೋಟೆಯ ತಲೆ ಉರುಳಿತು, ಬುಡ ನಿಂತಿತು. 2009ರ ಏಪ್ರಿಲ್ 6ರ ಭೂಕಂಪವನ್ನೂ ಆ ಪಾಳು ಕೋಟೆ ತಡೆದುಕೊಂಡಿತು. ಕೆಲವೇ ಕಿಲೋಮೀಟರ್ ದೂರದ ಸಾಂತೊ ಸ್ತೆಫಾನೊದ ಮಧ್ಯಯುಗದ ದುಂಡು ಗೋಪುರ ಮಾತ್ರ ನೆಲಕಚ್ಚಿತು. 20ನೇ ಶತಮಾನದ ದುರಸ್ತಿಯಲ್ಲಿ ಅದರ ಮೇಲೆ ಕಾಂಕ್ರೀಟ್ ಹಾಕಿದ್ದರು, ಕುಸಿತಕ್ಕೆ ಹೆಚ್ಚಾಗಿ ಹೇಳುವ ಕಾರಣ ಆ ಭಾರವೇ. ಹಳೆಯ ಗೋಡೆಯೆಂದರೆ ಎರಡು ಕಡೆ ಕಲ್ಲಿನ ಮುಖ, ನಡುವೆ ಜಲ್ಲಿ, ಸುಣ್ಣದ ಗಾರೆ. ಬುಡ ಅಲುಗಿದಾಗ ತುದಿಯ ಭಾರ ಬೇರೆಯೇ ತಾಳಕ್ಕೆ ತೂಗಿ ಎರಡು ಮುಖಗಳನ್ನೂ ಹೊರಕ್ಕೆ ತಳ್ಳುತ್ತದೆ. ಆ ಗೋಪುರವನ್ನು ಈಗ ಮತ್ತೆ ಕಟ್ಟಿದ್ದಾರೆ.

ಮಲೆನಾಡಿನಲ್ಲಿ ಭೂಕಂಪಕ್ಕಿಂತ ಮಳೆಯ ಕಾಟ ಜಾಸ್ತಿ. ಸಿಮೆಂಟ್ ಸುಣ್ಣದ ಗಾರೆಗಿಂತ, ಜಂಬಿಟ್ಟಿಗೆಯಂಥ ಮೆದು ಕಲ್ಲಿಗಿಂತಲೂ ಗಡುಸು. ಒಳಹೊಕ್ಕ ನೀರನ್ನು ಅದು ಸಂದಿಯಿಂದ ಆರಲು ಬಿಡುವುದಿಲ್ಲ. ನೀರು ಕಲ್ಲಿನ ಮೂಲಕವೇ ಹೊರಬರುತ್ತದೆ, ಜಂಬಿಟ್ಟಿಗೆಯಾದರೆ ನಾಲ್ಕಾರು ಮಳೆಗಾಲದಲ್ಲಿ ಮುಖ ಉದುರುತ್ತದೆ. ಸಿಮೆಂಟ್ ಮಾತ್ರ ಗೆರೆಗೆರೆಯಾಗಿ ಉಳಿಯುತ್ತದೆ.

ಮೊದಲು ಅದು ಯಾರ ಸಂರಕ್ಷಣೆಯಲ್ಲಿದೆ ಎಂದು ತಿಳಿಯಿರಿ. ಕೇಂದ್ರ ಪುರಾತತ್ವ ಇಲಾಖೆಯದಾದರೆ ಕಟ್ಟಡ ಕೆಲಸಕ್ಕೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ರಾಜ್ಯ ಇಲಾಖೆಯದಾದರೂ ಅನುಮತಿಯಿಲ್ಲದೆ ಕಲ್ಲು ಮುಟ್ಟುವಂತಿಲ್ಲ. ಅನುಮತಿ ಸಿಕ್ಕಿ, ಮೂಲ ಗಾರೆ ಸುಣ್ಣದ್ದೇ ಆಗಿದ್ದರೆ: ಸಂದಿಯ ಪುಡಿ ಗಾರೆಯನ್ನು ಒಂದೆರಡು ಇಂಚು ಆಳಕ್ಕೆ ಕೆರೆದು, ನೀರು ಚಿಮುಕಿಸಿ. ಚೆನ್ನಾಗಿ ಅರಳಿ ಬೆಣ್ಣೆಯಂತಾದ ಸುಣ್ಣ ಒಂದು ಪಾಲು, ಮಣ್ಣಿಲ್ಲದ ದೊರಗು ಮರಳು ಮೂರು ಪಾಲು ಕಲಸಿ, ಒತ್ತಿ ತುಂಬಿ. ಒದ್ದೆ ಗೋಣಿ ಹೊದಿಸಿ ವಾರ, ಹತ್ತು ದಿನ ಬಿಸಿಲಿಗೆ ಬಿಡಬೇಡಿ. ಬೇಗ ಒಣಗಿದರೆ ಸುಣ್ಣ ಕಚ್ಚದೆ ಪುಡಿಯಾಗುತ್ತದೆ. ಮಳೆಗಾಲ ಮುಗಿದ ಮೇಲೇ ಶುರುಮಾಡಿ. ಗಾರೆಯೇ ಇಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆಯಾದರೆ ಏನನ್ನೂ ತುಂಬಬೇಡಿ, ನೀರು ಹರಿದುಹೋಗುವುದು ಆ ಸಂದಿಗಳಿಂದಲೇ.

ಸಂಘದವರು ನಾಳೆಯೇ ಮಾಡಬಹುದಾದ್ದು ಒಂದಿದೆ, ಇಲಾಖೆಗೆ ತಿಳಿಸಿಯೇ ಮಾಡಿ. ಗೋಡೆಯಲ್ಲಿ ಬೇರುಬಿಟ್ಟ ಅರಳಿ, ಗೋಳಿ ಸಸಿಗಳನ್ನು ಬುಡಕ್ಕೆ ಕತ್ತರಿಸುವುದು. ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಮತ್ತೆ ಚಿಗುರುತ್ತದೆ, ಚಿಗುರಿದಾಗೆಲ್ಲ ಕತ್ತರಿಸಬೇಕು.