ತರಕಾರಿ ಸಸಿಗೆ ಲ್ಯಾಂಥನಮ್ ಅನ್ನೋ ಲೋಹ ಕೊಟ್ರೆ ಚೆನ್ನಾಗಿ ಬೆಳೆಯುತ್ತಾ?

ಒಂಚೂರು ಕೊಟ್ರೆ ಬೆಳವಣಿಗೆಗೆ ಸಹಾಯ ಆಗ್ಬಹುದು, ಜಾಸ್ತಿ ಆದ್ರೆ ಅದೇ ವಿಷ. ಚೀನಾದಲ್ಲಿ 1980ರ ದಶಕದಿಂದಾನೇ ಲ್ಯಾಂಥನಮ್, ಅದೇ ಗುಂಪಿನ ಸೀರಿಯಮ್ ಲೋಹ ಇರೋ ಗೊಬ್ಬರ ಬಳಸ್ತಿದಾರೆ, ಬೀಜ ನೆನೆಸೋಕೆ, ಎಲೆಗೆ ಸ್ಪ್ರೇ ಮಾಡೋಕೆ. ಲ್ಯಾಂಥನಮ್ ಅಯಾನಿನ (ವಿದ್ಯುತ್ ಚಾರ್ಜ್ ಇರೋ ಪರಮಾಣು) ಗಾತ್ರ ಹೆಚ್ಚುಕಮ್ಮಿ ಕ್ಯಾಲ್ಸಿಯಂದೇ, ಆದ್ರೆ ಚಾರ್ಜ್ 2ರ ಬದಲು 3, ಹಾಗಾಗಿ ಬೇರಿನ ಜೀವಕೋಶಕ್ಕೆ ಕ್ಯಾಲ್ಸಿಯಂ ಹೋಗೋ ದಾರಿಗೇ ಅಡ್ಡ ಕೂತ್ಬಿಡುತ್ತೆ. ಲ್ಯಾಂಥನಮ್ ಬಹುಪಾಲು ಬೇರಲ್ಲೇ ಶೇಖರ ಆಗೋದ್ರಿಂದ ಡೋಸ್ ಜಾಸ್ತಿ ಆದಾಗ ಮೊದಲು ಏಟು ಬೀಳೋದೂ ಅಲ್ಲೇ, ಬೇರು ಉದ್ದ ಬೆಳೆಯದೆ ಮೊಂಡಾಗುತ್ತೆ, ಮೇಲೆ ಎಲೆ ಇನ್ನೂ ಹಸಿರಾಗೇ ಇರ್ಬಹುದು, ದಯವಿಟ್ಟು ಒಂದು ಸಸಿ ಕಿತ್ತು ನೋಡಿ. ಜೊತೆಗೆ ಅದು ಫಾಸ್ಫೇಟ್ (ಗಿಡಕ್ಕೆ ರಂಜಕ ಸಿಗೋ ರೂಪ) ಜೊತೆ ಸೇರಿ ಕರಗದ ಉಪ್ಪಾಗುತ್ತೆ, ಸಸಿಗೆ ಸಿಗೋ ರಂಜಕಾನೂ ಕಮ್ಮಿಯಾಗುತ್ತೆ. ಸಾರಜನಕದ ಥರ ಲ್ಯಾಂಥನಮ್ ಗಿಡಕ್ಕೆ ಬೇಕೇಬೇಕಾದ ಪೋಷಕಾಂಶ ಅಲ್ಲ, ಮೊದಲು ಮಣ್ಣು ಪರೀಕ್ಷೆ ಮಾಡ್ಸಿ.