ಕೇಸ್ ಶೀಟ್ ನಕಲು: ಬಾಯಿಮಾತು ಬೇಡ, ಬರೆದು ಕೊಡಿ
ಕೋಲಾರದ ಸರ್ಕಾರಿ ಆಸ್ಪತ್ರೆಯಲ್ಲಿ ತಾಯಿಯವರ ಕೇಸ್ ಶೀಟ್ (ಚಿಕಿತ್ಸೆಯ ದಾಖಲೆ) ನಕಲು ಕೇಳಿದರೂ ಸಿಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಶಃ ಕಾರಣ ಇಷ್ಟೇ: ನೀವು ವಾರ್ಡಿನ ನರ್ಸ್ ಬಳಿ ಕೇಳಿದ್ದೀರಿ. ಡಿಸ್ಚಾರ್ಜ್ ಆದ ಮೇಲೆ ಕಡತ ದಾಖಲೆ ವಿಭಾಗಕ್ಕೆ ಹೋಗಿರುತ್ತದೆ. ನರ್ಸ್ ಕೈಯಲ್ಲಿ ಅದು ಇರುವುದೇ ಇಲ್ಲ.

ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಜಿ ಬರೆಯಿರಿ. ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಡಿಸ್ಚಾರ್ಜ್ ಆದ ದಿನಾಂಕ ನಮೂದಿಸಿ. ಸಹಿ ತಾಯಿಯವರದ್ದೇ ಇರಲಿ. ಅವರು ಬರಲಾಗದಿದ್ದರೆ ನಿಮಗೆ ಅಧಿಕಾರ ಪತ್ರ ಕೊಡಲಿ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಗೆ ಮೊಹರು, ದಿನಾಂಕ ಬೀಳುವವರೆಗೆ ಅಲ್ಲಿಂದ ಕದಲಬೇಡಿ. “ನಾಳೆ ಬನ್ನಿ” ಎನ್ನುವವರೂ ಮೊಹರು ಬಿದ್ದ ಕಾಗದಕ್ಕೆ ಬಗ್ಗುತ್ತಾರೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು.

ಆಗಲೂ ಕೊಡದಿದ್ದರೆ ಅಲ್ಲಿನ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಸಹಿತ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. ನಕಲು ಶುಲ್ಕ ಕೇಳಿದರೆ ಕಟ್ಟಿ, ರಸೀದಿ ಪಡೆಯಿರಿ.